ಒಂದೇ ವಿಳಾಸಕ್ಕೆ ಕೆಲವು ಮೇಲ್ ಹೋಗುತ್ತವೆ, ಕೆಲವು 550 ಅಂತ ವಾಪಸ್ ಬರುತ್ತವೆ, ಯಾಕೆ?

ಅಂಚೆಪೆಟ್ಟಿಗೆ:
ಹೋದ ವಾರ ಆಫೀಸಿನ ಮೇಲ್ ಸರ್ವರನ್ನು ಹಳೆಯ ಮಷಿನ್‌ನಿಂದ ಹೊಸ ವಿಪಿಎಸ್‌ಗೆ (ಬಾಡಿಗೆಯ ವರ್ಚುವಲ್ ಸರ್ವರ್) ಸಾಗಿಸಿದೆ. ಡೆಬಿಯನ್ ಲಿನಕ್ಸ್, ಮೇಲ್ ಕಳಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಅವತ್ತಿಂದ ತಲೆನೋವು. ಅದೇ ಗ್ರಾಹಕರಿಗೆ ಬೆಳಿಗ್ಗೆ ಕಳಿಸಿದ ಬಿಲ್ ತಲುಪುತ್ತದೆ, ಮಧ್ಯಾಹ್ನ ಕಳಿಸಿದ್ದು 550 5.7.25 ಅನ್ನೋ ನಿರಾಕರಣೆ ಕೋಡ್ ಜೊತೆ ವಾಪಸ್ ಬರುತ್ತದೆ. ಎಸ್‌ಪಿಎಫ್‌ಗೆ (ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಐಪಿಗಳ ಪಟ್ಟಿ) ಹೊಸ ಐಪಿ ಸೇರಿಸಿದ್ದೇನೆ, ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಸರಿ ಇದೆ, ಬ್ಲ್ಯಾಕ್‌ಲಿಸ್ಟ್‌ಗಳಲ್ಲಿ ಹುಡುಕಿದೆ, ನಮ್ಮ ಐಪಿ ಎಲ್ಲೂ ಇಲ್ಲ, ಪಿಟಿಆರ್ (ಈ ಐಪಿ ಯಾವ ಸರ್ವರ್‌ದು ಅಂತ ಹೆಸರು ಹೇಳುವ ದಾಖಲೆ) ಕೂಡ ಹಾಕಿಸಿದ್ದೇನೆ. ಪಿಟಿಆರ್ ತಪ್ಪಿದ್ದರೆ ಎಲ್ಲಾ ಮೇಲೂ ವಾಪಸ್ ಬರಬೇಕಿತ್ತು ಅಲ್ವಾ?

ತುಂಗಾತೀರ:
ಡಿಎನ್‌ಎಸ್ (ಹೆಸರು ಮತ್ತು ಐಪಿ ಹೊಂದಿಸುವ ವ್ಯವಸ್ಥೆ) ಬದಲಾವಣೆ ಎಲ್ಲಾ ಕಡೆ ಮುಟ್ಟೋಕೆ ಟೈಮ್ ಬೇಕು. 48 ಗಂಟೆ ಕಾದು ನೋಡಿ.

ಅಂಚೆಪೆಟ್ಟಿಗೆ:
ಎಂಟು ದಿನ ಆಯಿತು ಸಾರ್.

ಲಾಗ್‌ಪ್ರಿಯ:
ಸುಮ್ನೆ ಕಾಯಬೇಡಿ. 5.7.25 ಅಂದರೆ ರಿವರ್ಸ್ ಡಿಎನ್‌ಎಸ್, ಅಂದರೆ ಪಿಟಿಆರ್ ತಪಾಸಣೆಯಲ್ಲಿ ಫೇಲ್ ಅಂತಲೇ ಅರ್ಥ, 2014ರ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 7372ರಲ್ಲಿ ಈ ಕೋಡ್ ಇದೆ. ಲಾಗ್ ತೆಗೆದು, ತಲುಪಿದ ಒಂದು ಮೇಲ್ ಮತ್ತು ವಾಪಸ್ ಬಂದ ಒಂದು ಮೇಲ್, ಎರಡರ ಸಾಲನ್ನೂ ಅಕ್ಕಪಕ್ಕ ಇಟ್ಟು ರಿಲೇ (ಮೇಲ್ ಪಡೆಯುವ ಸರ್ವರ್) ಅನ್ನೋ ಜಾಗದಲ್ಲಿ ಏನಿದೆ ನೋಡಿ. ವಾಪಸ್ ಬಂದದ್ದರಲ್ಲಿ ಕೋಲನ್‌ಗಳಿರುವ ಉದ್ದದ ವಿಳಾಸ ಇದೆಯಾ?

ಅಂಚೆಪೆಟ್ಟಿಗೆ:
ಅಯ್ಯೋ, ಹೌದು! ತಲುಪಿದ್ದೆಲ್ಲ ಐಪಿವಿ4 (ಹಳೆಯ ಥರದ ಚಿಕ್ಕ ಐಪಿ ವಿಳಾಸ), ಪೆಟ್ಟು ತಿಂದಿದ್ದೆಲ್ಲ ಐಪಿವಿ6 (ಹೊಸ ಥರದ ಉದ್ದದ್ದು). ನಮ್ಮ ಸರ್ವರ್‌ಗೆ ಐಪಿವಿ6 ಇದೆ ಅಂತಲೇ ಗೊತ್ತಿರಲಿಲ್ಲ.

ಲಾಗ್‌ಪ್ರಿಯ:
ವಿಪಿಎಸ್ ಜೊತೆ ಕೇಳದೇ ಬಂದಿರುತ್ತದೆ. ಆ ಕಡೆಯ ಸರ್ವರ್‌ಗೆ ಎರಡೂ ದಾರಿ ಇದ್ದರೆ ಪೋಸ್ಟ್‌ಫಿಕ್ಸ್ ತಾನಾಗಿ ಚೀಟಿ ಎತ್ತಿದ ಹಾಗೆ ಒಂದನ್ನು ಆರಿಸುತ್ತದೆ, ಅದಕ್ಕೇ ಬೆಳಿಗ್ಗೆ ಒಂದು ಥರ ಮಧ್ಯಾಹ್ನ ಇನ್ನೊಂದು ಥರ. ನೀವು ಪಿಟಿಆರ್ ಹಾಕಿಸಿದ್ದು ಐಪಿವಿ4ಗೆ ಮಾತ್ರ. ಸದ್ಯಕ್ಕೆ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಐನೆಟ್_ಪ್ರೋಟೋಕಾಲ್ಸ್ ಅನ್ನು ಐಪಿವಿ4 ಅಂತ ಮಾಡಿ, ಪೋಸ್ಟ್‌ಫಿಕ್ಸನ್ನು ಪೂರ್ತಿ ನಿಲ್ಲಿಸಿ ಶುರು ಮಾಡಿ. ಬರೀ ರೀಲೋಡ್ ಸಾಲದು.

ಹಳೇಸಿಸಾಡ್ಮಿನ್:
ಇವತ್ತಿಗೆ ಇದು ಸರಿ, ಆದರೆ ಐಪಿವಿ6 ಬಂದ್ ಮಾಡಿ ಮರೆತುಬಿಡುವುದು ನನಗೆ ಇಷ್ಟವಿಲ್ಲ. ಐಪಿವಿ6 ವಿಳಾಸಕ್ಕೂ ಪಿಟಿಆರ್ ಹಾಕಿಸಿ. ಅದನ್ನು ಹಾಕುವುದು ಡೊಮೇನ್ ಕೊಂಡ ಕಡೆಯಲ್ಲ, ಐಪಿ ಕೊಟ್ಟವರ ಪ್ಯಾನೆಲ್‌ನಲ್ಲಿ. ಪಿಟಿಆರ್ ಯಾವ ಹೆಸರು ಹೇಳುತ್ತದೋ ಆ ಹೆಸರಿನ ಎಎಎಎ ದಾಖಲೆ (ಹೆಸರಿಗೆ ಐಪಿವಿ6 ವಿಳಾಸ ಹೇಳುವುದು) ತಿರುಗಿ ಅದೇ ವಿಳಾಸಕ್ಕೆ ಬರಬೇಕು. ನಾನು ಒಮ್ಮೆ ಪಿಟಿಆರ್ ಹಾಕಿ ಎಎಎಎ ಮರೆತು, ಎರಡು ದಿನ ಫೈರ್‌ವಾಲ್‌ನ ಬೈದುಕೊಂಡು ಕೂತಿದ್ದೆ. ಎಸ್‌ಪಿಎಫ್‌ಗೂ ಆ ವಿಳಾಸ ಸೇರಿಸಿ.

ಅಂಚೆಪೆಟ್ಟಿಗೆ:
ಐಪಿವಿ4 ಮಾತ್ರ ಮಾಡಿದೆ, ಕಳಿಸಿದ್ದೆಲ್ಲ ಹೋಗುತ್ತಿದೆ. ಪಿಟಿಆರ್‌ಗೆ ಶನಿವಾರ ಕೈ ಹಾಕುತ್ತೇನೆ. ವಾಪಸ್ ಬಂದಿದ್ದ ಬಿಲ್‌ಗಳು ತಾವಾಗೇ ಮತ್ತೆ ಹೋಗುತ್ತವಾ?

ಲಾಗ್‌ಪ್ರಿಯ:
ಇಲ್ಲ. 4ರಿಂದ ಶುರುವಾಗುವ ಕೋಡ್ ಅಂದರೆ ಆಮೇಲೆ ಬಾ ಅಂತ, ಅವು ಕ್ಯೂನಲ್ಲಿ ಕೂತು 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. 5 ಅಂದರೆ ಖಡಾಖಂಡಿತ ಇಲ್ಲ, ಆಗಲೇ ಕ್ಯೂನಿಂದ ಔಟ್. ನೀವೇ ಕೂತು ಕಳಿಸಬೇಕು.

ಅಂಚೆಪೆಟ್ಟಿಗೆ:
37 ಬಿಲ್ ಇವೆ. ಕಾಫಿ ಮಾಡಿಕೊಂಡು ಬರುತ್ತೇನೆ.