ಪದಚರ್ಚೆ: ಸೈಕಲ್ ಕಡ್ಡಿಗೆ ಇರುವುದು 'ಬಿಗಿ'ಯೋ 'ಎಳೆತ'ವೋ?

ಎಲ್ಲರಿಗೂ ನಮಸ್ಕಾರ.

ದೂರದ ಸೈಕಲ್ ಸವಾರಿ ಮಾಡುವವರಿಗೆ, ಅದರಲ್ಲೂ ಮೈತೂಕ ಜಾಸ್ತಿ ಇರುವವರಿಗೆ, ಚಕ್ರ ಆರಿಸಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 200, 300, 400, 600 ಕಿಲೋಮೀಟರಿನ ಬ್ರೆವೆಗಳಿಗೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಿಗೆ) ಇಳಿಯುವವರು ಈಗ ಬೆಂಗಳೂರಿನ ಆಚೆಗೂ ಇದ್ದಾರೆ. 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ನಡುರಾತ್ರಿ ಹೆದ್ದಾರಿಯಲ್ಲಿ ಹಿಂದಿನ ಚಕ್ರದ ಕಡ್ಡಿ ಮುರಿದರೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಅದಕ್ಕೇ ಕೈಪಿಡಿಯ ಮಾತು ಓದುವವರಿಗೆ ತಪ್ಪಾಗಿ ಮುಟ್ಟಬಾರದು ಅನ್ನುವ ಕಾಳಜಿ ನನಗಿದೆ.

ಭಾಗಗಳ ಹೆಸರಲ್ಲಿ ತೊಂದರೆ ಇಲ್ಲ. ಕಡ್ಡಿ, ರಿಮ್ಮು, ಹಬ್ಬು (ಚಕ್ರದ ನಡುವಿನ ಭಾಗ), ನಿಪ್ಪಲ್ಲು (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಸವಾರರಿಗೆಲ್ಲ ಗೊತ್ತು. ಕಡ್ಡಿಗೆ 'ಅರ', ಹಬ್ಬಿಗೆ 'ಗುಂಬ' ಅನ್ನಬಹುದಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಎತ್ತಿನ ಗಾಡಿಯ ಮಟ್ಟಿಗೆ ಅವು ಒಳ್ಳೆಯ ಮಾತುಗಳು. ಆದರೆ ಗಾಡಿಯ ಅರ ಮರದ್ದು, ಅದು ಕೆಳಗೆ ಊರಿ ನಿಂತು ಭಾರ ಹೊರುತ್ತದೆ. ಸೈಕಲ್ಲಿನ ಕಡ್ಡಿ ಬರೀ ತಂತಿ. ಊರಿ ನಿಲ್ಲುವ ಶಕ್ತಿ ಅದಕ್ಕಿಲ್ಲ. ಎಲ್ಲ ಕಡ್ಡಿಗಳೂ ರಿಮ್ಮನ್ನು ಒಳಕ್ಕೆ ಎಳೆದು ಹಿಡಿದಿರುವುದರಿಂದಲೇ ಚಕ್ರ ಚಕ್ರವಾಗಿ ಉಳಿದಿದೆ. 'ಅರ' ಅಂದರೆ ಈ ವ್ಯತ್ಯಾಸ ಮರೆಯಾಗುತ್ತದೆ. 'ಕಡ್ಡಿ'ಯೇ ಇರಲಿ.

ನನ್ನ ಪ್ರಶ್ನೆ ಇರುವುದು ಈ ಎಳೆದು ಹಿಡಿಯುವುದಕ್ಕೆ, ಅಂದರೆ ಇಂಗ್ಲಿಷಿನ 'ಟೆನ್ಶನ್'ಗೆ, ಏನನ್ನಬೇಕು ಅನ್ನುವುದರಲ್ಲಿ. ಅಂಗಡಿಗಳಲ್ಲಿ 'ಬೆಂಡ್ ತೆಗೆಯೋದು' ಅನ್ನುವ ಮಾತಿದೆ. ಓಲಾಡುವ ರಿಮ್ಮನ್ನು ನೆಟ್ಟಗೆ ಮಾಡುವುದು ಅಂತ ಅರ್ಥ. ಆದರೆ ಚಕ್ರ ನೆಟ್ಟಗಿದ್ದರೂ ಕಡ್ಡಿಗಳ ಹಿಡಿತ ಒಂದೇ ಸಮ ಇಲ್ಲದಿರಬಹುದು. ಒಂದು ಕಡ್ಡಿ ಅತಿಯಾಗಿ ಬಿಗಿದು, ಪಕ್ಕದ್ದು ಸುಮ್ನೆ ನೇತಾಡುತ್ತಿದ್ದರೂ ರಿಮ್ಮು ನೇರವಾಗಿಯೇ ತಿರುಗಬಹುದು. ಭಾರದ ಸವಾರರ ಕಡ್ಡಿ ಮತ್ತೆ ಮತ್ತೆ ಮುರಿಯುವುದು ಇಂಥ ಚಕ್ರದಲ್ಲೇ.

ಕಾರಣ ಹೀಗಿದೆ. ಚಕ್ರ ಸುತ್ತುವಾಗ ತಳಕ್ಕೆ ಬಂದ ಕಡ್ಡಿಗಳು ಸವಾರರ ಭಾರಕ್ಕೆ ಒಂದಿಷ್ಟು ಸಡಿಲವಾಗುತ್ತವೆ, ಮೇಲಕ್ಕೆ ಹೋಗುತ್ತಲೇ ಮತ್ತೆ ಬಿಗಿಯುತ್ತವೆ. ಸಾಮಾನ್ಯ ರೋಡ್ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಅಂದರೆ 600 ಕಿಲೋಮೀಟರಿಗೆ 2 ಲಕ್ಷ 85 ಸಾವಿರ ಸುತ್ತು. ಅಷ್ಟೂ ಸಲ ಈ ಸಡಿಲ-ಬಿಗಿ ನಡೆಯುತ್ತದೆ. ಮೊದಲೇ ಸಡಿಲವಿದ್ದ ಕಡ್ಡಿ ತಳಕ್ಕೆ ಬಂದಾಗ ಪೂರ್ತಿ ಸಡಿಲವಾಗುತ್ತದೆ, ಹಬ್ಬಿನ ತೂತಿನಲ್ಲಿ ಅಲುಗುತ್ತದೆ, ಕೊನೆಗೆ ಅಲ್ಲೇ ಬಾಗಿದ ಕಡೆ ತುಂಡಾಗುತ್ತದೆ. ಹೆಚ್ಚಾಗಿ ಕಡ್ಡಿ ಸಾಯುವುದು ಒಂದೇ ಏಟಿಗಲ್ಲ, ದಣಿದು.

ಇದಕ್ಕೇ 'ಗಟ್ಟಿ ಚಕ್ರ' ಅನ್ನುವ ಮಾತನ್ನು ಕೈಪಿಡಿಯಲ್ಲಿ ಕೈಬಿಟ್ಟಿದ್ದೇನೆ. 'ಬಾಳಿಕೆ ಬರುವ ಚಕ್ರ' ಅನ್ನುತ್ತೇನೆ. ಗಟ್ಟಿ ಅಂದರೆ ಜನ ದಪ್ಪ ಕಡ್ಡಿ ಕೇಳುತ್ತಾರೆ. ನಿಜ ನೋಡಿದರೆ ಎರಡು ತುದಿಯಲ್ಲಿ 2 ಮಿಲಿಮೀಟರ್, ನಡುವೆ 1.8 ಮಿಲಿಮೀಟರ್ ಇರುವ ಕಡ್ಡಿ, ಉದ್ದಕ್ಕೂ 2 ಮಿಲಿಮೀಟರ್ ಇರುವುದಕ್ಕಿಂತ ಜಾಸ್ತಿ ಬಾಳುತ್ತದೆ. ನಡುಭಾಗ ತುಸು ಹಿಗ್ಗುವುದರಿಂದ ತುದಿಯ ಮೇಲಿನ ಪೆಟ್ಟು ಕಡಿಮೆಯಾಗುತ್ತದೆ. ಅದನ್ನು 'ನಡುಸಣ್ಣ ಕಡ್ಡಿ' ಅಂತ ಕರೆದಿದ್ದೇನೆ. ಸರಿ ಅನಿಸುತ್ತದಾ?

ಈಗ ಮುಖ್ಯ ಮಾತು. 'ಬಿಗಿ' ಎಲ್ಲರ ಬಾಯಲ್ಲಿರುವ ಪದ, ಮೊದಲು ನಾನೂ ಅದನ್ನೇ ಬರೆಯಹೊರಟೆ. ಆದರೆ ಹಿಂದಿನ ಚಕ್ರದ ವಿಷಯ ಬಂದಾಗ ಅದು ಕೈಕೊಡುತ್ತದೆ. ಬಲಗಡೆ ಗೇರುಗಳಿಗೆ ಜಾಗ ಬಿಡಬೇಕಾದ್ದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುತ್ತವೆ, ರಿಮ್ಮನ್ನು ನಡುವೆ ಹಿಡಿಯಲು ಅವನ್ನು ಜಾಸ್ತಿ ಎಳೆಯಬೇಕಾಗುತ್ತದೆ. ಎಷ್ಟೋ ರಿಮ್ಮುಗಳಲ್ಲಿ ಬಲಗಡೆಯ ಒಂದೊಂದು ಕಡ್ಡಿಗೂ 100ರಿಂದ 120 ಕಿಲೋ ಭಾರ ನೇತುಹಾಕಿದಷ್ಟು ಸೆಳೆತ ಇರುತ್ತದೆ. ಎಡಗಡೆ ಸಹಜವಾಗಿಯೇ ಕಡಿಮೆ, ಕೆಲವು ಹಬ್ಬುಗಳಲ್ಲಿ ಹೆಚ್ಚುಕಡಿಮೆ ಅರ್ಧ. ಇದನ್ನು 'ಬಲಗಡೆ ಬಿಗಿ, ಎಡಗಡೆ ಸಡಿಲ' ಅಂತ ಬರೆದರೆ ಓದಿದವರು ಎಡಗಡೆ ಏನೋ ಕೆಟ್ಟಿದೆ ಅಂದುಕೊಂಡು ತಿರುಗಿಸಲು ಹೋಗುತ್ತಾರೆ, ಅಲ್ವಾ? 'ಎಡಗಡೆ ಎಳೆತ ಕಡಿಮೆ' ಅಂದರೆ ಆ ಅಪಾಯ ಇಲ್ಲ. 'ಬಿಗಿ'ಗೆ ಎದುರು 'ಸಡಿಲ' ಇದೆ. 'ಎಳೆತ'ಕ್ಕೆ ಬರೀ ಅಳತೆ ಇದೆ. 'ಮೇಲ್ಮೈ ಎಳೆತ' (ಸರ್ಫೇಸ್ ಟೆನ್ಶನ್) ಅಂತ ವಿಜ್ಞಾನದ ಬರಹಗಳಲ್ಲಿ ಆಗಲೇ ಬಳಕೆಯಲ್ಲೂ ಇದೆ. 'ಕರ್ಷಣ'ವೂ ಇದೆ, ಆದರೆ ಕೈಗೆ ಗ್ರೀಸ್ ಹತ್ತಿದವರು ಆ ಪದ ಆಡುತ್ತಾರೆ ಅಂತ ನನಗೆ ಅನಿಸುವುದಿಲ್ಲ.

ಹಾಗಾಗಿ ನಿಪ್ಪಲ್ಲು ತಿರುಗಿಸುವ ಕೆಲಸಕ್ಕೆ 'ಬಿಗಿಯುವುದು', ಕಡ್ಡಿಯಲ್ಲಿ ಕೂತ ಬಲಕ್ಕೆ 'ಎಳೆತ', ಒಂದೇ ಬದಿಯ ಕಡ್ಡಿಗಳೆಲ್ಲ ಒಂದೇ ಥರ ಇದ್ದರೆ 'ಸಮ ಎಳೆತ' ಅಂತ ಇಟ್ಟುಕೊಂಡಿದ್ದೇನೆ. ಅಳೆಯುವ ಸಾಧನ ಇಲ್ಲದವರು ತಂಬೂರಿಯ ತಂತಿ ಮೀಟುವ ಹಾಗೆ ಕಡ್ಡಿಗಳನ್ನು ಮೀಟಿ ನಾದ ಕೇಳಿ ಹೋಲಿಸಬಹುದು. ಆ ಪರೀಕ್ಷೆಗೆ 'ಶ್ರುತಿ ನೋಡುವುದು' ಅಂತಲೇ ಬರೆಯೋಣ ಅಂತ ಆಸೆ.

ಇನ್ನೊಂದು ಕೆಲಸಕ್ಕೂ ಹೆಸರು ಬೇಕು. ಹೊಸ ಚಕ್ರ ಹೆಣೆದ ಮೇಲೆ ಜೊತೆಜೊತೆ ಸಾಗುವ ಎರಡೆರಡು ಕಡ್ಡಿಗಳನ್ನು ಕೈಯಲ್ಲಿ ಬಲವಾಗಿ ಹಿಂಡುತ್ತಾರೆ. ಬಾಗಿದ ಕಡೆ ಉಳಿದ ಒತ್ತಡ ಇದರಿಂದ ಇಳಿಯುತ್ತದೆ, ಕಡ್ಡಿ ಹಬ್ಬಿನಲ್ಲಿ ಸರಿಯಾಗಿ ಕೂರುತ್ತದೆ. ತೂಕ ಜಾಸ್ತಿ ಇರುವವರ ಚಕ್ರಕ್ಕೆ ಇದನ್ನು ಬಿಡಲೇಬಾರದು. ಹೆಚ್ಚು ಕಡ್ಡಿ ಇರಲಿ ಅಂತ 32 ಅಥವಾ 36 ಕಡ್ಡಿಯ ಚಕ್ರ ಕೊಂಡರೂ ಈ ಕೆಲಸ ಆಗಿರದಿದ್ದರೆ ಬಾಳಿಕೆ ಕಡಿಮೆಯೇ. 'ಪಳಗಿಸುವುದು' ಮತ್ತು 'ಕೂರಿಸುವುದು' ಎರಡೂ ನನ್ನ ಮನಸ್ಸಿನಲ್ಲಿವೆ. 'ಪಳಗಿಸು' ಕಡೆಗೆ ಒಲವು ಹೆಚ್ಚು.

ಕಲಬುರಗಿ, ಶಿವಮೊಗ್ಗ, ಕರಾವಳಿ ಕಡೆಯವರು, ಮನೆಯಲ್ಲೋ ನೆಂಟರಲ್ಲೋ ಸೈಕಲ್ ಅಂಗಡಿ ಇದ್ದವರು ದಯವಿಟ್ಟು ಬರೆಯಿರಿ. ಕಡ್ಡಿಯ ಎಳೆತಕ್ಕೆ, ಈ ಹಿಂಡುವ ಕೆಲಸಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ತಿದ್ದದೆ, ಅವರ ಬಾಯಿಂದ ಬಂದ ಹಾಗೇ ಬರೆದು ಊರಿನ ಹೆಸರನ್ನೂ ಸೇರಿಸಿ.