ಒಲೆ ಊದಿದವರನ್ನ ಕೇಳು
ಪುಟ್ಟಾ, ದೊಡ್ಡಮ್ಮ ಮಾತಾಡ್ತಿರೋದು. ಟೈಪ್ ಮಾಡೋಕೆ ಕೂತ್ರೆ ಬೆಳಗಾಗತ್ತೆ, ಬಾಯಲ್ಲೇ ಹೇಳಿಬಿಡ್ತೀನಿ. ಉದ್ದ ಆಯ್ತು ಅಂತ ಯಾರೂ ಬೈಕೋಬೇಡಿ.

ನಿನ್ನೆ ಯಾವ್ದೋ ಹೋಂಸ್ಟೇ ಒಲೆ ಫೋಟೊ ಹಾಕಿ, ಗ್ಯಾಸು, ಮಿಕ್ಸಿ, ವಾಷಿಂಗ್ ಮೆಷಿನ್ನು ಬಂದ್ಮೇಲೆ ಸುಖಾನೇ ಹೋಯ್ತು, ಅಜ್ಜಿ ಕಾಲಾನೇ ಚೆಂದ ಅಂತ ಬರೆದಿದ್ದೆಯಲ್ಲ. ಒಲೆ ಚೆನ್ನಾಗೇ ಇದೆ ಮಗಾ. ಒಂದು ಚೂರು ಮಸಿ ಇಲ್ಲ, ಮೇಲೆ ರಂಗೋಲಿ ಬೇರೆ. ದಿನಾ ಉರಿಯೋ ಒಲೆ ಹಾಗಿರಲ್ಲ.

ನಿಮ್ಮಜ್ಜಿ, ಅಂದ್ರೆ ನಮ್ಮತ್ತೆ, ಅವರ ಒಲೆ ನಾನು ನೋಡಿದ್ದೀನಿ. ನಮ್ಮ ಕೊಡಗಿನ ಶಾಂತಳ್ಳಿ ಕಡೆ ಮಳೆ ಗೊತ್ತಲ್ಲ, ಜೂನಲ್ಲಿ ಹಿಡಿದ್ರೆ ಸೆಪ್ಟೆಂಬರ್ ತನಕ ಬಿಡಲ್ಲ. ಅಟ್ಟದ ಮೇಲಿಟ್ಟ ಸೌದೇನೂ ಒಳಗೊಳಗೇ ಹಸಿ. ಅತ್ತೆ ಊದುಗೊಳವೆ ಹಿಡಿದು ಊದಿದ್ರೆ ಬೂದಿ ತಿರುಗಿ ಮುಖಕ್ಕೇ ಬರೋದು. ರೊಟ್ಟಿ ತಟ್ಟೋ ಹೊತ್ತಿಗೆ ಕಣ್ಣು ಕೆಂಪು, ಜೊತೆಗೆ ಕೆಮ್ಮು. ಕೊನೆಗಾಲದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಎಕ್ಸ್‌ರೇ ನೋಡಿದ ಡಾಕ್ಟ್ರು ನನ್ನ ಪಕ್ಕಕ್ಕೆ ಕರೆದು, "ಇವ್ರು ಬೀಡಿ ಸೇದ್ತಿದ್ರಾ?" ಅಂತ ಕೇಳಿದ್ರು. ಎಲೆಅಡಿಕೆ ಕೂಡ ಹಾಕದ ಹೆಂಗಸು ಕಣೋ ಅದು!

ಮಳೆಗಾಲದ ಬಟ್ಟೆ ವಿಷಯ ನಿಮ್ಮಪ್ಪನ್ನೇ ಕೇಳು. ಬಿದಿರಿನ ಕುಕ್ಕೆ ಬೋರಲು ಹಾಕಿ, ಕೆಳಗೆ ಕೆಂಡ ಇಟ್ಟು, ಮೇಲೆ ಯೂನಿಫಾರಂ ಹರಡ್ತಿದ್ವಿ. ಒಂದ್ಸಲ ನಾನು ಹಾಲು ಕರೆಯೋಕೆ ಹೋದಾಗ ಅವನ ಬಿಳಿ ಅಂಗಿ ಬೆನ್ನಲ್ಲಿ ಎಂಟಾಣೆ ಅಗಲ ಸುಟ್ಟುಹೋಯ್ತು. ಇರೋವೇ ಎರಡು ಜೊತೆ. ವರ್ಷವಿಡೀ ಆ ತೇಪೆ ಹಾಕ್ಕೊಂಡೇ ಸ್ಕೂಲಿಗೆ ಹೋದ. ಸೋಮವಾರಪೇಟೆ ಪೇಟೆ ಹುಡುಗರು ಇವನ ಹತ್ರ ಹೊಗೆ ವಾಸನೆ ಅಂತ ಮೂಗು ಮುಚ್ಕೋತಿದ್ರಂತೆ.

ಇರು, ಕುಕ್ಕರ್ ಕೂಗ್ತು... ಹಾಂ, ಆರಿಸಿ ಬಂದೆ.

ಹಾಗಂತ ಬಂದಿದ್ದೆಲ್ಲ ಸುಖಾನೇ ಅಂತ ನಾನೂ ಹೇಳಲ್ಲ. ಮೆಷಿನ್ ಬಂದ್ಮೇಲೆ ಒಗೆಯೋ ಶ್ರಮ ಹೋಯ್ತು, ಬಟ್ಟೆ ಮಾತ್ರ ಮೂರು ಪಟ್ಟಾಯ್ತು. ಒಂದು ಗಂಟೆ ಉಟ್ಟಿದ್ದೂ ಮೆಷಿನ್ನಿಗೆ. ತೋಟದಲ್ಲೂ ಅಷ್ಟೆ. ರೊಬಸ್ಟಾ ಕಾಫಿ ಕುಯ್ದು ಮುಗಿದ್ಮೇಲೆ, ಗಿಡ ಹೂ ಬಿಡೋಕೆ ಬೇಕಾದ ಹೂಮಳೆಗೆ ಆಕಾಶ ನೋಡ್ತಾ ಕೂರೋ ಕಾಲ ಹೋಯ್ತು. ಸ್ಪ್ರಿಂಕ್ಲರ್ ಇಟ್ರೆ ಎಂಟು ಹತ್ತು ದಿನಕ್ಕೆ ಹೂ ಬಿಟ್ಟು ತೋಟ ಬೆಳ್ಳಗೆ. ಸರಿ, ಆದ್ರೆ ಎಲ್ರೂ ಹಳ್ಳಕ್ಕೇ ಪೈಪ್ ಇಟ್ರೆ ಕೆಳಗಿನವರಿಗೆ ಏನುಳಿಯತ್ತೆ? ಇದನ್ನ ನಿಮ್ಮ ದೊಡ್ಡಪ್ಪನ ಹತ್ರ ಎತ್ತಿದ್ರೆ ಜಗಳ, ಬಿಡು.

ಮತ್ತೆ 2018. ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮನೇಲಿ 11 ದಿನ ಕರೆಂಟಿಲ್ಲ. ಇನ್ವರ್ಟರ್ ಮಾರನೇ ದಿನಕ್ಕೇ ಮಲಗ್ತು. ಬೋರ್‌ವೆಲ್ ಬಂತಲ್ಲ ಅಂತ ದೊಡ್ಡಪ್ಪ ಅದರ ಹಿಂದಿನ ವರ್ಷ ತಾನೇ ಬಾವಿ ರಾಟೆ ಕಿತ್ತು ಗುಜರಿಗೆ ಹಾಕಿದ್ರು! ಹೊರಗೆ ಧೋ ಅಂತ ಮಳೆ, ಒಳಗೆ ಕುಡಿಯೋಕೆ ನೀರಿಲ್ಲ. ಸೂರಿನ ನೀರು ಕೊಡಪಾನಕ್ಕೆ ಹಿಡಿದು, ಬಚ್ಚಲ ಒಲೇಲಿ ಕಾಯಿಸಿ ಕುಡಿದ್ವಿ. ಗೀಸರ್ ಹಾಕಿಸಿದಾಗ ಆ ಒಲೇನೂ ಒಡೆಸೋಣ ಅಂದಿದ್ರು, ನಾನೇ ಬಿಟ್ಟಿರಲಿಲ್ಲ. ಪಕ್ಕದ ಲೈನ್ ಮನೆಗಳಲ್ಲಿರೋ ತೋಟದ ಕೆಲಸದವರೂ ಬಂದು ಆ ಹಂಡೆ ಸುತ್ತ ಕೂತು ಗಂಜಿ ಕುಡಿದ್ರು. ನಾನು ನಿಜಕ್ಕೂ ನೆನೆಸ್ಕೊಳ್ಳೋ ಹಳೇದು ಅಂದ್ರೆ ಅದೊಂದೇ. ಒಲೆಗೆ ಬೆನ್ನು ಕೊಟ್ಟು ಎಲ್ರೂ ಒಟ್ಟಿಗೆ ಕೂರೋದು. ಅದಕ್ಕೆ ಯಾರೂ ಹೊಗೆ ಕುಡಿಯಬೇಕಾಗಿಲ್ಲ. ಈಗ ಎಲ್ರಿಗೂ ಹೊತ್ತು ಉಳಿದಿದೆ, ಒಬ್ಬೊಬ್ರು ಒಂದೊಂದು ರೂಮಲ್ಲಿ ಫೋನ್ ಹಿಡ್ಕೊಂಡಿರ್ತಾರೆ. ನಾನೂ ಸೇರಿ.

ರಾಟೆ ಮತ್ತೆ ಹಾಕಿಸಿದ್ದೀವಿ, ಹಗ್ಗ ಹೊಸದು. ಆಷಾಢದಲ್ಲಿ ನಾಕು ದಿನ ರಜ ಹಾಕಿ ಬಾ. ಬಚ್ಚಲ ಒಲೆ ನೀನೇ ಹಚ್ಚು, ಊದುಗೊಳವೆ ಎಲ್ಲಿದೆ ತೋರಿಸ್ತೀನಿ. ಫೋಟೊನೂ ತೆಗಿ ಬೇಕಾದ್ರೆ. ಬರುವಾಗ ಮಿಕ್ಸಿ ಸಣ್ಣ ಜಾರಿನ ಮುಚ್ಚಳದ ರಬ್ಬರ್ ಒಂದು ತಗೊಂಬಾ, ಇಲ್ಲಿ ಎರಡು ಅಂಗಡೀಲಿ ಕೇಳಿದೆ, ಸಿಗ್ಲಿಲ್ಲ. ಚಟ್ನಿ ಎಲ್ಲ ಗೋಡೆಗೆ ಹಾರ್ತಿದೆ.