ಎಂಪಿಎಚ್ ಶುರುವಾಗಲು ಎರಡು ತಿಂಗಳಿದೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಹೆಗಡೆಕಟ್ಟಾ_ಬಸ್ಸು:
ಬಿಎಸ್ಸಿ ನರ್ಸಿಂಗ್ ಆಗಿದೆ, ಊರು ಶಿರಸಿ ಕಡೆ. ಆಗಸ್ಟಿನಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ತರಗತಿ ಶುರು, ಎರಡು ವರ್ಷದ ಕೋರ್ಸು. ಪಿಯುಸಿ ನಂತರ ಗಣಿತದ ಪುಸ್ತಕ ಮುಟ್ಟಿಲ್ಲ. ಗೊತ್ತಿದ್ದವರು ಹೇಳಿ:
ಲೆಕ್ಕ ಎಷ್ಟು ಬರಬೇಕು? ಅಂಕಿಅಂಶದ ಸಾಫ್ಟ್‌ವೇರ್ ಅಂದರೆ ಒಬ್ಬರು ಆರ್ ಕಲಿ ಅಂತಾರೆ, ಇನ್ನೊಬ್ಬರು ಎಸ್‌ಪಿಎಸ್‌ಎಸ್ ಸಾಕು ಅಂತಾರೆ, ಯಾವುದು? ಪ್ರಬಂಧಕ್ಕೆ ಸಿದ್ದಾಪುರ ತಾಲ್ಲೂಕಿನ ಮಂಗನ ಕಾಯಿಲೆ ತೆಗೆದುಕೊಳ್ಳುವ ಆಸೆ ಇದೆ, ಈಗಲೇ ಏನಾದರೂ ತಯಾರಿ ಮಾಡಬಹುದಾ? ಕಾಗದಪತ್ರದಲ್ಲಿ ಕೈಕೊಡುವಂಥದ್ದು ಏನಿದೆ?

ಭಾಗಲಬ್ಧ:
ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ. ಹೈಸ್ಕೂಲಿನದು ಸಾಕು, ಕ್ಯಾಲ್ಕುಲಸ್ ಬೇಡ. ಶೇಕಡಾ, ಅನುಪಾತ, ಘಾತ, ಲಾಗರಿದಮ್ ಇಷ್ಟನ್ನು ಒಮ್ಮೆ ತಿರುವಿ ಹಾಕಿ. ಲಾಗ್ ಯಾಕೆಂದರೆ ಎರಡನೇ ಸೆಮಿಸ್ಟರಿನ ಹೊತ್ತಿಗೆ ಲಾಜಿಸ್ಟಿಕ್ ರಿಗ್ರೆಷನ್ (ಕಾಯಿಲೆ ಬರುವ ಸಾಧ್ಯತೆಯನ್ನು ಹಲವು ಕಾರಣಗಳಿಂದ ಅಂದಾಜಿಸುವ ವಿಧಾನ) ಬರುತ್ತದೆ. ಅದರ ಗುಣಾಂಕ ಲಾಗ್ ರೂಪದಲ್ಲೇ ಇರುತ್ತದೆ, ವಾಪಸ್ ತಿರುಗಿಸದೆ ಓದುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ನರ್ಸಿಂಗಿನಿಂದ ಬಂದವರು ಎಡವುವುದು ಛೇದದಲ್ಲಿ. ವಾರ್ಡಿನಲ್ಲಿ ಕಾಣುವುದೆಲ್ಲ ಅಂಶ: ಹಾಸಿಗೆ ಮೇಲಿರುವವರು. ಗೆರೆಯ ಕೆಳಗೆ ಯಾರಿದ್ದಾರೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲ ದಿನದಿಂದ ಅದೇ ಪ್ರಶ್ನೆ. ಜೊಯಿಡಾದ ಒಂದು ಹಳ್ಳಿಯಿಂದ ಈ ತಿಂಗಳು ಮೂರೇ ಜ್ವರದ ಕೇಸು ಬಂತು ಎಂದರೆ ಜ್ವರ ಕಡಿಮೆಯೋ, ಬಸ್ಸು ಕಡಿಮೆಯೋ?

ಒಂದೆರಡು ಲೆಕ್ಕ ಕೈಯಾರೆ, ಕಾಗದದ ಮೇಲೆ ಮಾಡಿ. ತಾಯಿ ಮರಣ: ಮೇಲೆ ಸತ್ತ ತಾಯಂದಿರು, ಕೆಳಗೆ ಜೀವಂತ ಜನನ, 1 ಲಕ್ಷಕ್ಕೆ. ಮೇಲಿರುವವರು ಕೆಳಗಿನ ಗುಂಪಿನ ಒಳಗೇ ಇಲ್ಲ, ಹಾಗಾಗಿ ಅದು ಅನುಪಾತ, ದರವಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 14,37,169. ಈಗಿನ ರೋಗಿಗಳನ್ನು ಆ ಹಳೆಯ ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ಅಂಶ ಈ ವರ್ಷದ್ದು, ಛೇದ ಹದಿನೈದು ವರ್ಷ ಹಿಂದಿನದು.

ಇನ್ನೊಂದು, ಪರೀಕ್ಷೆಯ ನಂಬಿಕೆ. ಒಂದು ಕಿಟ್ ರೋಗ ಇರುವವರಲ್ಲಿ ಶೇ. 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 95 ಜನರಿಗೆ ಇಲ್ಲ ಎಂದೇ ಹೇಳುತ್ತದೆ ಎಂದಿಟ್ಟುಕೊಳ್ಳಿ. 10,000 ಜನರಲ್ಲಿ ಶೇ. 1ರಷ್ಟು ಮಂದಿಗೆ ರೋಗ ಇದ್ದರೆ 100 ರೋಗಿಗಳಲ್ಲಿ 90 ಮಂದಿ ಸಿಕ್ಕರು, 9,900 ಆರೋಗ್ಯವಂತರಲ್ಲಿ 495 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 585 ಪಾಸಿಟಿವ್‌ನಲ್ಲಿ ನಿಜವಾದದ್ದು 90, ಅಂದರೆ ಶೇ. 15. ಅದೇ ಕಿಟ್ಟನ್ನು ಶೇ. 20 ರೋಗ ಇರುವ ಕಡೆ ಹಿಡಿದರೆ 2,200 ಪಾಸಿಟಿವ್‌ನಲ್ಲಿ 1,800 ನಿಜ, ಶೇ. 82. ಕಿಟ್ ಬದಲಾಗಲಿಲ್ಲ, ಊರು ಬದಲಾಯಿತು. ಇದನ್ನು ಸೂತ್ರವಿಲ್ಲದೆ ನಾಲ್ಕು ಮನೆಯ ಕೋಷ್ಟಕ ಗೀರಿ ಮಾಡಲು ಬಂದರೆ ಮೊದಲ ಸೆಮಿಸ್ಟರಿನ ಅರ್ಧ ಭಾರ ಇಳಿದಂತೆ.

ಅದೇ ನಾಲ್ಕು ಮನೆಯಲ್ಲಿ ರಿಸ್ಕ್ ರೇಷಿಯೋ, ಆಡ್ಸ್ ರೇಷಿಯೋ ಎರಡನ್ನೂ ಮಾಡಿ ನೋಡಿ. ಬೆಟ್ಟಕ್ಕೆ ಹೋದ 200 ಜನರಲ್ಲಿ 20 ಮಂದಿಗೆ ಕಾಯಿಲೆ, ಹೋಗದ 400ರಲ್ಲಿ 10 ಮಂದಿಗೆ. ರಿಸ್ಕ್ ಶೇ. 10 ಮತ್ತು ಶೇ. 2.5, ಹಾಗಾಗಿ 4 ಪಟ್ಟು. ಆಡ್ಸ್ ಪ್ರಕಾರ 20ನ್ನು 180ರಿಂದ, 10ನ್ನು 390ರಿಂದ ಭಾಗಿಸಿ ಹೋಲಿಸಿದರೆ 4.33. ಕಾಯಿಲೆ ವಿರಳವಾದಷ್ಟೂ ಎರಡೂ ಹತ್ತಿರ ಬರುತ್ತವೆ.

ನೆಟ್‌ವರ್ಕ್_ಇಲ್ಲ:
ಆರ್ ಅಥವಾ ಎಸ್‌ಪಿಎಸ್‌ಎಸ್ ಎಂಬ ಜಗಳಕ್ಕೆ ಬೀಳಬೇಡಿ. ವಿಭಾಗದಲ್ಲಿ ಯಾವುದನ್ನು ಕಲಿಸುತ್ತಾರೆ ಎಂದು ಸೀನಿಯರ್ ಒಬ್ಬರಿಗೆ ಮೆಸೇಜ್ ಹಾಕಿ. ಎಸ್‌ಪಿಎಸ್‌ಎಸ್‌ಗೆ ಲೈಸೆನ್ಸ್ ಬೇಕು, ಕ್ಯಾಂಪಸ್ ಬಿಟ್ಟ ಮೇಲೆ ಕೈಗೆ ಸಿಗದು. ಆರ್, ಆರ್‌ಸ್ಟುಡಿಯೋ ಪುಕ್ಕಟೆ. ಕೋಡ್ ಕಂಡರೆ ಬೆವರುವವರಿಗೆ ಜಮೋವಿ ಇದೆ, ಅದೂ ಪುಕ್ಕಟೆ, ಒಳಗೆ ಓಡುವುದು ಆರ್. ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು, ಹೆಚ್ಚಿನ ದುಡ್ಡು ಸುರಿಯಬೇಡಿ. ಇನ್‌ಸ್ಟಾಲ್ ಮಾಡುವುದನ್ನೆಲ್ಲ ಈಗಲೇ ಮಾಡಿ. ಜುಲೈ ಮಳೆಯಲ್ಲಿ ಶಿರಸಿ ಕಡೆ ಕರೆಂಟು, ನೆಟ್ಟು ಎರಡನ್ನೂ ನಂಬುವಂತಿಲ್ಲ.

ನಿಜಕ್ಕೂ ಕಾಟ ಕೊಡುವುದು ಎಕ್ಸೆಲ್. ವಯಸ್ಸಿನ ಗುಂಪು 10-14 ಎಂದು ಟೈಪ್ ಮಾಡಿದರೆ ಅದು ಅಕ್ಟೋಬರ್ 14 ಎಂದುಕೊಳ್ಳುತ್ತದೆ. 007 ಎಂಬ ಮನೆ ಸಂಖ್ಯೆ 7 ಆಗುತ್ತದೆ, ಆಮೇಲೆ ಎರಡು ಪಟ್ಟಿಗಳು ಹೊಂದುವುದಿಲ್ಲ. ಕಾಲಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು ಆಮೇಲೆ ತುಂಬಿ. ತುಂಬಿದ ಮೇಲೆ ಬದಲಿಸಿದರೆ ಹೋದದ್ದು ವಾಪಸ್ ಬರದು. ಕನ್ನಡ ಉತ್ತರಗಳಿರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಅಕ್ಷರ ಚಿಂದಿಯಾಗಿ ಕಾಣಬಹುದು. ಆಗ ಡೇಟಾ ಮೆನುವಿನಿಂದ ಟೆಕ್ಸ್ಟ್ ಫೈಲ್ ಎಂದು ಒಳತಂದು 65001 ಯುಟಿಎಫ್-8 ಆರಿಸಿ. ಚಿಂದಿಯಾದದ್ದನ್ನು ಹಾಗೇ ಸೇವ್ ಮಾಡಿದಿರೋ, ಮುಗಿಯಿತು. ಮೂಲ ಫೈಲಿನ ಒಂದು ಪ್ರತಿ ಮುಟ್ಟದೆ ಬೇರೆ ಇಡಿ.

ಅಭ್ಯಾಸಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, ಅಂದರೆ ಎನ್‌ಎಫ್‌ಎಚ್‌ಎಸ್-5ರ ಉತ್ತರ ಕನ್ನಡದ ಜಿಲ್ಲಾ ಫ್ಯಾಕ್ಟ್ ಶೀಟ್ ತೆಗೆದು ಸಾಲುಸಾಲಾಗಿ ಓದಿ. ಸಮೀಕ್ಷೆಯ ಹೆಸರಿನ ಮುಂದೆ 2019-21 ಎಂದಿದ್ದರೂ ಕರ್ನಾಟಕ ಮೊದಲ ಹಂತದಲ್ಲಿತ್ತು, ಇಲ್ಲಿನ ಅಂಕಿಗಳು ಕೋವಿಡ್ ಬರುವ ಮುಂಚಿನವು. ಕೋವಿಡ್‌ನಿಂದ ಹೀಗಾಯಿತು ಎಂದು ಆ ಶೀಟ್ ತೋರಿಸಿ ಸೆಮಿನಾರ್ ಮಾಡುವವರಿದ್ದಾರೆ, ನೀವು ಮಾಡಬೇಡಿ. ಆವರಣದೊಳಗಿನ ಅಂಕಿ ಎಂದರೆ 25ರಿಂದ 49 ಜನರ ಮೇಲಷ್ಟೇ ನಿಂತದ್ದು, ನಕ್ಷತ್ರ ಗುರುತು ಎಂದರೆ 25ಕ್ಕಿಂತ ಕಡಿಮೆ. ಇಲ್ಲೂ ಛೇದವೇ. ಮುಂದೆ ಕಚ್ಚಾ ಡೇಟಾ ತೆರೆದಾಗ v005 ಎಂಬ ತೂಕದ ಕಾಲಮನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ತೂಕ ಹಾಕದೆ ತೆಗೆದ ಶೇಕಡಾ ವರದಿಯ ಜೊತೆ ತಾಳೆಯಾಗದಿದ್ದಾಗ ಡೇಟಾ ಸರಿಯಿಲ್ಲ ಎಂದು ದೂರುವುದು ಮಾಮೂಲು.

ಉಲ್ಲೇಖಗಳನ್ನು ಜೋಡಿಸಿಡಲು ಜೊಟೆರೊ ಎಂಬ ಸಾಫ್ಟ್‌ವೇರ್. ಮೊದಲ ಅಸೈನ್‌ಮೆಂಟಿನಿಂದಲೇ.

ಉಣುಗು:
ಮಂಗನ ಕಾಯಿಲೆ ಒಳ್ಳೆಯ ವಿಷಯ, ಆದರೆ ಅದಕ್ಕೆ ಕ್ಯಾಲೆಂಡರ್ ಇದೆ. ಹಾವಳಿ ಡಿಸೆಂಬರಿನಿಂದ ಮೇ ವರೆಗೆ, ವೈರಸ್ ಹರಡುವ ಎಳೆ ಉಣುಗುಗಳು (ರಕ್ತ ಹೀರುವ ಉಣ್ಣೆಗಳು) ಒಣ ಎಲೆಯ ಮೇಲೆ ತುಂಬಿರುವ ತಿಂಗಳುಗಳು. ಮೊದಲ ವರ್ಷ ತರಗತಿಯಲ್ಲೇ ಹೋಗುತ್ತದೆ, ನಿಮಗೆ ಸಿಗುವುದು ಎರಡನೇ ವರ್ಷದ ಒಂದೇ ಸೀಸನ್. ಎಥಿಕ್ಸ್ ಸಮಿತಿಯ ಒಪ್ಪಿಗೆ ಆ ನವೆಂಬರಿನೊಳಗೆ ಕೈಯಲ್ಲಿರಬೇಕು. ಸಮಿತಿ ದಿನಾ ಕೂರುವುದಿಲ್ಲ, ಒಮ್ಮೆ ತಿದ್ದುಪಡಿ ಕೇಳಿದರೆ ಮುಂದಿನ ಸಭೆಗೆ ಹೋಯಿತು. ಜುಲೈ, ಆಗಸ್ಟಿಗೆ ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಕೊಡುವ ಲೆಕ್ಕ ಇಟ್ಟುಕೊಳ್ಳಿ. ಸಮಿತಿಗೆ ಕೊಡುವ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು, ಓದಲು ಬಾರದವರ ಹೆಬ್ಬೆಟ್ಟಿಗೆ ಸಾಕ್ಷಿಯ ಸಹಿಗೆ ಜಾಗವೂ ಇರಬೇಕು. ಇದನ್ನು ಮರೆತೇ ಅರ್ಧ ಅರ್ಜಿಗಳು ವಾಪಸ್ ಬರುತ್ತವೆ.

ರಕ್ತದ ಮಾದರಿಯ ಯೋಚನೆ ಬಿಡಿ. ಆ ವೈರಸ್ಸಿಗೆ ಬೇಕಾದ ಜೈವಿಕ ಸುರಕ್ಷತೆಯ ಲ್ಯಾಬು ಎಂಪಿಎಚ್ ಪ್ರಬಂಧದ ಅಳತೆಗೆ ಮೀರಿದ್ದು. ಕಾಯಿಲೆ ವಿರಳ, ಹಾಗಾಗಿ ಒಂದು ಊರಿನಲ್ಲಿ ಕೂತು ಯಾರಿಗೆ ಬರುತ್ತದೆ ಎಂದು ಕಾಯುವ ಅಧ್ಯಯನವೂ ಆಗದು. ಒಂದೋ ಕೇಸ್-ಕಂಟ್ರೋಲ್ (ಕಾಯಿಲೆ ಬಂದವರನ್ನು ಬಾರದವರ ಜೊತೆ ಹೋಲಿಸುವ ಅಧ್ಯಯನ) ಮಾಡಿ, ಇಲ್ಲವೇ ತಡೆಗಟ್ಟುವಿಕೆಯ ಬಗ್ಗೆ. ಹಳೆಯ ಲಸಿಕೆಯ ಬಳಕೆ ನಿಂತಿರುವುದರಿಂದ ಈಗ ಭಾರವೆಲ್ಲ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯ ಮೇಲೆ. ಎಣ್ಣೆ ಮನೆಗೆ ತಲುಪಿತಾ, ತಲುಪಿದ್ದನ್ನು ಹಚ್ಚಿಕೊಂಡರಾ, ಯಾಕೆ ಬಿಟ್ಟರು, ಇಷ್ಟಕ್ಕೇ ಒಂದು ಪ್ರಬಂಧ ನಿಲ್ಲುತ್ತದೆ.

ಪ್ರಶ್ನಾವಳಿಯಲ್ಲಿ ಒಂದು ಶಬ್ದ ತಪ್ಪಿದರೆ ಇಡೀ ಕೆಲಸ ಮಣ್ಣು. "ಕಳೆದ ತಿಂಗಳು ಕಾಡಿಗೆ ಹೋಗಿದ್ದಿರಾ?" ಎಂದು ಕೇಳಿ ನೋಡಿ, ಅಡಿಕೆ ತೋಟದವರು ಇಲ್ಲ ಎನ್ನುತ್ತಾರೆ. ಅವರು ಹೋಗುವುದು ಬೆಟ್ಟಕ್ಕೆ, ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ ತುಂಡಿಗೆ. ಉಣುಗು ಹತ್ತುವುದೂ ಅಲ್ಲೇ, ದರಕು (ಉದುರಿದ ಒಣ ಎಲೆ) ಗುಡಿಸುವಾಗ. ಹಾಗಾಗಿ ಕೆಲಸದ ಹೆಸರು ಹಿಡಿದು ಕೇಳಿ: ದರಕು ತಂದಿರಾ, ಸೊಪ್ಪು ಕಡಿದಿರಾ, ಕಟ್ಟಿಗೆ ಆರಿಸಿದಿರಾ, ದನ ಅಟ್ಟಿಕೊಂಡು ಹೋಗಿದ್ದಿರಾ, ಒಂದೊಂದಕ್ಕೂ ಬೇರೆ ಸಾಲು. ಮನೆಯ ಯಜಮಾನರೊಬ್ಬರನ್ನೇ ಕೇಳಿದರೆ ದರಕು ತರುವ ಹೆಂಗಸರು, ಕೂಲಿಯವರು ಲೆಕ್ಕದಿಂದ ಹೊರಗುಳಿಯುತ್ತಾರೆ. ಪಟ್ಟಿಯನ್ನು ಮನೆಯ ಲೆಕ್ಕದಲ್ಲಿ ಮಾಡುತ್ತೀರೋ ಆಳಿನ ಲೆಕ್ಕದಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ಪಟ್ಟಿಯದೇ ದೊಡ್ಡ ರಗಳೆ. ಕಂದಾಯ ಗ್ರಾಮ, ಪಂಚಾಯಿತಿಯ ಮಜರೆ, ಉಪಕೇಂದ್ರದ ವ್ಯಾಪ್ತಿ ಮೂರೂ ಒಂದಕ್ಕೊಂದು ಕೂಡುವುದಿಲ್ಲ. ಆಶಾ ಕಾರ್ಯಕರ್ತೆಯ ಪುಸ್ತಕದ ಪಟ್ಟಿಯೇ ವಾಸ್ತವಕ್ಕೆ ಹತ್ತಿರ, ಆದರೆ ಅದರಲ್ಲಿ ಬಿಡಾರದ ವಲಸೆ ಕೂಲಿಗಳು ಇರದಿರಬಹುದು, ಕೇಳಿಕೊಳ್ಳಿ. ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. "ಎಡಗೈ ಕಡೆಯ ಐದನೇ ಮನೆ" ಎಂಬ ಪುಸ್ತಕದ ವಿಧಾನ ಭಟ್ಕಳದ ಪೇಟೆಯಲ್ಲಿ ನಡೆದೀತು, ಸಿದ್ದಾಪುರದಲ್ಲಿ ಐದನೇ ಮನೆ ಎರಡು ಹಳ್ಳ ದಾಟಿದ ಮೇಲೆ. ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ, ರಸ್ತೆ ಪಕ್ಕದ ಮನೆಗಳನ್ನಷ್ಟೇ ಮುಗಿಸಿ ಬರಬೇಡಿ.

ಫಾರಂ ತುಂಬಲು ಕೋಬೊ ಟೂಲ್‌ಬಾಕ್ಸ್ ಕಲಿಯಿರಿ. ನೆಟ್ ಇಲ್ಲದೆಯೂ ತುಂಬಬಹುದು, ಆದರೆ ಖಾಲಿ ಫಾರಂ ಹೊರಡುವ ಮೊದಲೇ ಮೊಬೈಲಿಗೆ ಇಳಿದಿರಬೇಕು. ಸಂಜೆ ಪೇಟೆಗೆ ಬಂದ ಕೂಡಲೇ ಕಳಿಸಿಬಿಡಿ. ಮೊಬೈಲ್ ಹಳ್ಳಕ್ಕೆ ಬಿದ್ದರೆ ಕಳಿಸದ ಫಾರಂಗಳೂ ಹಳ್ಳಕ್ಕೆ. ಜಿಪಿಎಸ್ ಬೇಕಿದ್ದರೆ ಅಂಗಳದ ಬಯಲಿನಲ್ಲಿ ನಿಂತು ಅದು ತೋರಿಸುವ ತಪ್ಪಿನ ಅಂತರ 10 ಮೀಟರಿಗೆ ಇಳಿಯುವವರೆಗೆ ಕಾಯಿರಿ, ಅಡಿಕೆ ಮರದ ಅಡಿ ಅದು ಇಳಿಯುವುದೇ ಇಲ್ಲ.

ಅನುಮತಿ ಪತ್ರ ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿಯಿಂದ ಪಡೆದು, ಅದರ ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಪಿಎಚ್‌ಸಿ ವೈದ್ಯರಿಗೂ ನೀವೇ ಹಿಡಿದುಕೊಂಡು ಹೋಗಿ ಕೊಡಿ. ಮೇಲಿನಿಂದ ಬರುತ್ತದೆ ಎಂದು ಕಾದರೆ ಸೀಸನ್ ಮುಗಿದಿರುತ್ತದೆ. ನೀವು ಹೋಗುವಾಗಲೂ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಎಣ್ಣೆ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ಮೈ ಸ್ನಾನಕ್ಕೆ.

ನಾಡಕಚೇರಿ_ಸರದಿ:
ಕಾಗದದ್ದು ಚುಟುಕಾಗಿ. ವರ್ಗಾವಣೆ ಪತ್ರ ಕಾಲೇಜಿನಿಂದ, ವಲಸೆ ಪ್ರಮಾಣಪತ್ರ ನಿಮ್ಮ ಪದವಿಯ ವಿಶ್ವವಿದ್ಯಾಲಯದಿಂದ. ಎರಡನೆಯದಕ್ಕೆ ಸಮಯ ಹಿಡಿಯುತ್ತದೆ, ಇವತ್ತೇ ಅರ್ಜಿ ಹಾಕಿ. ಸೇರುವುದು ಕೇಂದ್ರ ಸರ್ಕಾರದ ಸಂಸ್ಥೆಯಾದರೆ ನಮ್ಮ 2ಎ, 3ಬಿ ಪತ್ರ ನಡೆಯದು. ಕೆನೆಪದರ ಅಲ್ಲದ ಒಬಿಸಿ ಎಂದು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಬೇಕು. ಮೊದಲು ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡಿ, ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಲ್ಲಿ ಇರಬೇಕೆಂದಿಲ್ಲ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಪೋರ್ಟಲ್ಲಾದ ಎಸ್‌ಎಸ್‌ಪಿ ಅರ್ಜಿ ನಿಲ್ಲುವುದು ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರಿನಲ್ಲಿ ಪೂರ್ತಿ ಹೆಸರು. ಹೆಗಡೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ. ಆಧಾರನ್ನು ಅಂಕಪಟ್ಟಿಗೆ ಹೊಂದಿಸಿ, ಅಂಕಪಟ್ಟಿ ತಿದ್ದಿಸುವ ದಾರಿ ಉದ್ದ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಇದೇ ಖಾತೆಗೆ ಬೀಳುವ ಜೋಡಣೆ) ಆಗಿದೆಯಾ ಎಂದು ಶಾಖೆಯಲ್ಲಿ ಬಾಯಿಬಿಟ್ಟು ಕೇಳಿ. ನರ್ಸಿಂಗ್ ಕೌನ್ಸಿಲ್ ನೋಂದಣಿ ಕೈಬಿಡಬೇಡಿ, ಎರಡು ವರ್ಷ ಬಿಟ್ಟು ಕೆಲಸ ಹುಡುಕುವಾಗ ಬೇಕಾಗುತ್ತದೆ.

ಹೆಗಡೆಕಟ್ಟಾ_ಬಸ್ಸು:
ಎಲ್ಲರಿಗೂ ಧನ್ಯವಾದ. ಕಾಡು, ಬೆಟ್ಟದ ವ್ಯತ್ಯಾಸ ನಮ್ಮನೆಯಲ್ಲೇ ದಿನಾ ಕೇಳುವ ಮಾತು, ಪ್ರಶ್ನಾವಳಿಗೆ ಅದು ಬೇಕು ಅಂತ ಹೊಳೆದಿರಲಿಲ್ಲ. ಎಷ್ಟು ಮನೆ ಕೇಳಬೇಕಾಗುತ್ತೆ? ಹಳೆಯ ಪ್ರಬಂಧಗಳಲ್ಲಿ ನೋಡಿದಲ್ಲೆಲ್ಲ 384 ಅಂತಿದೆ.

ಭಾಗಲಬ್ಧ:
384 ಮಂತ್ರವಲ್ಲ. 1.96ರ (ಶೇ. 95 ವಿಶ್ವಾಸಕ್ಕೆ ಹಿಡಿಯುವ ಸಂಖ್ಯೆ) ವರ್ಗ, ಗುಣಿಸು 0.5, ಗುಣಿಸು 0.5, ಭಾಗಿಸು 0.05ರ ವರ್ಗ: 384.16. ಅಂದರೆ ಎಣ್ಣೆ ಹಚ್ಚುವವರು ಅರ್ಧದಷ್ಟು ಎಂದುಕೊಂಡು, ಶೇಕಡಾ ಐದು ಅಂಶ ಆಚೀಚೆಯಾದರೆ ಪರವಾಗಿಲ್ಲ ಎಂದಾಗ ಬರುವ ಸಂಖ್ಯೆ. ಅದೂ ಇಡೀ ತಾಲ್ಲೂಕಿನಿಂದ ಚೀಟಿ ಎತ್ತಿದಾಗ. ಕೆಲವು ಹಳ್ಳಿ ಆರಿಸಿ ಅಲ್ಲಲ್ಲಿ ಹತ್ತಿಪ್ಪತ್ತು ಮನೆ ಕೇಳಿದರೆ ಅಕ್ಕಪಕ್ಕದವರು ಒಂದೇ ಥರ ಇರುತ್ತಾರೆ, ಅದಕ್ಕಾಗಿ 2ರಿಂದ ಗುಣಿಸುವುದು ರೂಢಿ, 768.32. ಹತ್ತರಲ್ಲಿ ಒಬ್ಬರು ಉತ್ತರ ಕೊಡುವುದಿಲ್ಲ ಎಂದಾದರೆ 0.9ರಿಂದ ಭಾಗಿಸಿ, 854. ಶೇ. 10 ಕೂಡಿಸಿ 845 ಎಂದು ಬರೆಯುವುದು ಎಲ್ಲೆಲ್ಲೂ ಕಾಣುವ ತಪ್ಪು.

ಒಬ್ಬರೇ 854 ಮನೆ ಹತ್ತಿ ಇಳಿಯುವುದು ಆಗದ ಮಾತು. ಏಳು ಅಂಶ ಆಚೀಚೆಗೆ ಒಪ್ಪಿದರೆ 0.05ರ ಜಾಗದಲ್ಲಿ 0.07, ಉತ್ತರ 196. ಒಂದೇ ಪಿಎಚ್‌ಸಿ ಹಿಡಿದು, ಆಶಾ ಪಟ್ಟಿಯಿಂದ ನೇರ ಚೀಟಿ ಎತ್ತಿದರೆ 2ರಿಂದ ಗುಣಿಸುವುದೂ ಬೇಡ, ಉತ್ತರಿಸದವರಿಗೆ ಸೇರಿಸಿ 218. ಎರಡು ತಿಂಗಳಲ್ಲಿ ಮುಗಿಯುತ್ತದೆ. ಆದರೆ ಈ ಏಳನ್ನು ಪ್ರೋಟೋಕಾಲಿನಲ್ಲೇ ಬರೆದಿರಬೇಕು. ಸುಸ್ತಾಗಿ 218ಕ್ಕೆ ನಿಂತು ಆಮೇಲೆ ಏಳು ಎಂದು ತಿದ್ದಿದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ.

ಉಣುಗು:
ಮತ್ತೆ, ಆ 218 ಮನೆಗಳಲ್ಲಿ ಬೀಗ ಹಾಕಿದ್ದು ಸಿಕ್ಕರೆ ಪಕ್ಕದ ಮನೆಗೆ ಹೋಗಬೇಡಿ, ಬೇರೆ ಹೊತ್ತಿನಲ್ಲಿ ಎರಡು ಸಲ ಅದೇ ಮನೆಗೇ ಹೋಗಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಹಗಲು ಮನೆಯಲ್ಲಿರುವವರು ಬೆಟ್ಟಕ್ಕೆ ಹೋಗದವರೇ.